ಲೆಕ್ಕ ಕೇಳಿದವರಿಗೆ ನಂಬಿಕೆ ಇಲ್ಲ ಎನ್ನಬೇಡಿ

ಮಾನ್ಯ ಸಂಪಾದಕರೇ,

ಮಾರ್ಚ್ 31ಕ್ಕೆ ಲೆಕ್ಕದ ವರ್ಷ ಮುಗಿಯಿತೆಂದರೆ ಬೆಂಗಳೂರಿನ ಕ್ರೈಸ್ತ ಸಭೆಗಳಲ್ಲಿ ವಾರ್ಷಿಕ ಮಹಾಸಭೆಗಳ ಕಾಲ ಶುರುವಾಗುತ್ತದೆ. ನೂರು ವರ್ಷ ದಾಟಿದ ಕಲ್ಲುಕಟ್ಟಡದ ದೇವಾಲಯವಿರಲಿ, ಪೀಣ್ಯದಲ್ಲೋ ಕೆ.ಆರ್. ಪುರದಲ್ಲೋ ತಾರಸಿಯ ಶೀಟಿನಡಿ ಸೇರುವ ಮೂವತ್ತು ಮನೆಯವರ ಸಭೆಯಿರಲಿ, ವರ್ಷವಿಡೀ ಬಂದ ಕಾಣಿಕೆಯ ಲೆಕ್ಕ ಜನರ ಮುಂದೆ ಬರಬೇಕಾದ ಹೊತ್ತು ಅದು. ಆಗ ಹಿಂದಿನ ಸಾಲಿನಿಂದ ಯಾರೋ ಎದ್ದು "ಕಟ್ಟಡದ ನಿಧಿಯಲ್ಲಿ ಈಗ ಎಷ್ಟಿದೆ?" ಎಂದು ಕೇಳುತ್ತಾರೆ. ಎಷ್ಟೋ ಕಡೆ ಮೊತ್ತ ಹೇಳುವ ಬದಲು ಮರುಪ್ರಶ್ನೆ ಬರುತ್ತದೆ: "ಯಾಕೆ ಬ್ರದರ್, ದೇವರ ಮೇಲೆ ನಂಬಿಕೆ ಇಲ್ವಾ?" ಕೇಳಿದವರು ತಲೆ ತಗ್ಗಿಸಿ ಕೂರುತ್ತಾರೆ. ಮುಕ್ತಾಯದ ಪ್ರಾರ್ಥನೆಗೆ ಎಲ್ಲರೂ ಏಳುತ್ತಾರೆ.

ಸಭೆಗಳ ಲೆಕ್ಕಪತ್ರ ನೋಡುವ ಕೆಲಸದಲ್ಲಿರುವ ನಾವು ಕೆಲವರು ಈ ಪತ್ರ ಬರೆಯುತ್ತಿರುವುದು ಆ ಮರುಪ್ರಶ್ನೆಯನ್ನು ನೆನೆದು. ನೀತಿ, ಹೃದಯದ ಯಥಾರ್ಥತೆ, ದೇವರಲ್ಲಿ ಭರವಸೆ ಎಂಬ ಮಾತುಗಳು ಪ್ರತಿ ಭಾನುವಾರ ನಮ್ಮ ಕಿವಿಗೆ ಬೀಳುತ್ತವೆ. ಕಾಣಿಕೆ ಎಣಿಸುವ ಮೇಜಿನ ಹತ್ತಿರ ಬಂದ ಕೂಡಲೇ ಭರವಸೆ ಒಂದು ಕಡೆ, ಲೆಕ್ಕ ಇನ್ನೊಂದು ಕಡೆ ಎಂದು ನಾವೇ ಗೆರೆ ಎಳೆಯುತ್ತೇವೆ. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಆ ಗೆರೆ ಇಲ್ಲ.

ಪದದಿಂದಲೇ ಆರಂಭಿಸೋಣ. ನೀತಿವಂತನು ನಂಬಿಕೆಯಿಂದ ಬದುಕುವನು ಎಂಬ ಮಾತು ಹಬಕ್ಕೂಕನ ಎರಡನೆಯ ಅಧ್ಯಾಯದ್ದು; ಪೌಲನು ರೋಮಾಪುರದವರಿಗೂ ಗಲಾತ್ಯದವರಿಗೂ ಬರೆಯುವಾಗ ಅದನ್ನೇ ಎತ್ತಿ ಹೇಳುತ್ತಾನೆ. ಅಲ್ಲಿ 'ನಂಬಿಕೆ' ಇರುವ ಕಡೆ ಹೀಬ್ರೂವಿನಲ್ಲಿರುವುದು 'ಎಮೂನಾ'. 2 ಅರಸುಗಳು 12ರಲ್ಲಿ ಬಡಗಿಗಳಿಗೆ, ಕಲ್ಲುಕುಟಿಗರಿಗೆ ಕೂಲಿ ಬಟವಾಡೆ ಮಾಡುತ್ತಿದ್ದ ಮೇಲ್ವಿಚಾರಕರ ಬಗ್ಗೆಯೂ ಇದೇ ಪದ ಬರುತ್ತದೆ. ಅವರು ಎಮೂನಾದಿಂದ ಕೆಲಸ ಮಾಡುತ್ತಿದ್ದರು. ಕನ್ನಡದಲ್ಲಂತೂ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ನಂಬಿಕೆ, ನಂಬಿಗಸ್ತ ಎರಡೂ ಒಂದೇ ಬೇರಿನ ಚಿಗುರು. ದೇವರನ್ನು ನಂಬಿದವನು ಜನ ನಂಬುವಂತೆ ಇರಬೇಕೆಂಬುದನ್ನು ನಮ್ಮ ಭಾಷೆಯೇ ಹೇಳಿಬಿಟ್ಟಿದೆ.

ಅರಸುಗಳ ಇದೇ 12ನೆಯ ಅಧ್ಯಾಯದ 15ನೆಯ ವಚನವನ್ನು ತೋರಿಸಿ, ಆ ಮೇಲ್ವಿಚಾರಕರನ್ನು ಲೆಕ್ಕ ಕೇಳುತ್ತಿರಲಿಲ್ಲ ಅಂತ ಇದೆಯಲ್ಲ ಎನ್ನುವವರಿದ್ದಾರೆ. ಇದೆ. ಆದರೆ 4ನೆಯ ವಚನದಿಂದ ಓದಬೇಕು. ದೇವಾಲಯ ಶಿಥಿಲವಾಗಿತ್ತು. ಪರಿಚಿತರಿಂದ ಹಣ ಪಡೆದು ದುರಸ್ತಿ ಮಾಡಿಸಿ ಎಂದು ಯೋವಾಷ ಅರಸನು ಯಾಜಕರಿಗೆ ಹೇಳಿದ. ಉದ್ದೇಶ ಒಳ್ಳೆಯದೇ. ಆದರೂ ಅವನ ಆಳ್ವಿಕೆಯ 23ನೆಯ ವರ್ಷ ಬಂದರೂ ದುರಸ್ತಿ ಆಗಿರಲಿಲ್ಲ. ಯಾರೋ ಕದ್ದರು ಎಂದು ಗ್ರಂಥ ಹೇಳುವುದಿಲ್ಲ. ಹಣ ಪಡೆಯುವವರು, ಇಟ್ಟುಕೊಳ್ಳುವವರು, ಖರ್ಚು ಮಾಡಬೇಕಾದವರು ಎಲ್ಲ ಒಬ್ಬರೇ ಆಗಿದ್ದರು, ಅಷ್ಟೇ. ಆಮೇಲೆ ಯಾಜಕನಾದ ಯೆಹೋಯಾದನು ಒಂದು ಪೆಟ್ಟಿಗೆ ತರಿಸಿ, ಮುಚ್ಚಳದಲ್ಲಿ ತೂತು ಕೊರೆದು, ಯಜ್ಞವೇದಿಯ ಪಕ್ಕದಲ್ಲಿ, ಒಳಗೆ ಬರುವವರ ಬಲಗಡೆಗೆ ಇಟ್ಟ. ಬಾಗಿಲು ಕಾಯುವ ಯಾಜಕರು ಬಂದ ಹಣವನ್ನೆಲ್ಲ ಅದರೊಳಗೆ ಹಾಕುತ್ತಿದ್ದರು. ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ ಇಬ್ಬರೂ ಬಂದು ಎಣಿಸಿ, ಚೀಲಗಳಲ್ಲಿ ಕಟ್ಟುತ್ತಿದ್ದರು. ಒಬ್ಬ ಅರಮನೆಯವನು, ಇನ್ನೊಬ್ಬ ದೇವಾಲಯದವನು. ಒಬ್ಬನ ಮುಲಾಜು ಇನ್ನೊಬ್ಬನಿಗಿಲ್ಲ.

ಎಣಿಸಿ ತೂಗಿದ ಮೇಲೆಯೇ ಹಣ ಮೇಲ್ವಿಚಾರಕರ ಕೈ ಸೇರಿದ್ದು. ಅದರಿಂದ ಮರ ಬಂತು, ಕೆತ್ತಿದ ಕಲ್ಲು ಬಂತು, ಕೂಲಿ ಹೋಯಿತು. ಬೆಳ್ಳಿಯ ಬಟ್ಟಲು, ತುತೂರಿ ಮಾಡಿಸಲು ಆ ಹಣ ಮುಟ್ಟಲಿಲ್ಲ ಎಂದು 13ನೆಯ ವಚನ ಬಿಡಿಸಿ ಹೇಳುತ್ತದೆ. ದೋಷಪರಿಹಾರದ ಹಣ ಯಾಜಕರದು, ಅದು ಈ ಪೆಟ್ಟಿಗೆಗೆ ಬೀಳಲಿಲ್ಲ ಎಂದು 16ನೆಯ ವಚನ. ಪೆಟ್ಟಿಗೆ, ಇಬ್ಬರು ಎಣಿಸುವವರು, ತೂಕ, ಬೇರೆ ಬೇರೆ ನಿಧಿ ಇವೆಲ್ಲ ಇದ್ದುದರ ನಡುವೆ 15ನೆಯ ವಚನ ನಿಂತಿದೆ. ಅದೊಂದನ್ನು ಮಾತ್ರ ಕಿತ್ತು ತಂದು ಮಹಾಸಭೆಯಲ್ಲಿ ಬೀಸುವುದು ವಾಕ್ಯಕ್ಕೆ ಮಾಡುವ ಅನ್ಯಾಯ.

ಭರವಸೆ ಮತ್ತು ಲೆಕ್ಕ ಒಂದೇ ಮನುಷ್ಯನಲ್ಲಿ ಹೇಗೆ ಕೂಡಿರುತ್ತವೆ ಎಂಬುದಕ್ಕೆ ಎಜ್ರನಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಅವನ ಗ್ರಂಥದ ಎಂಟನೆಯ ಅಧ್ಯಾಯ ನೋಡಿ. ಸೆರೆಯಿಂದ ಹಿಂದಿರುಗುವ ಯೆಹೂದ್ಯರ ಗುಂಪೊಂದನ್ನು ಅವನು ಕರೆತರುತ್ತಿದ್ದ. ಬಾಬೆಲಿನಿಂದ ಯೆರೂಸಲೇಮಿಗೆ ನಾಲ್ಕು ತಿಂಗಳ ದಾರಿ. ಹೆಂಗಸರು, ಮಕ್ಕಳು, ಸಾಮಾನು, ದಾರಿಯಲ್ಲಿ ಹೊಂಚು ಹಾಕುವವರು. ಅರಸನನ್ನು ಕೇಳಿದ್ದರೆ ಕುದುರೆ ಸವಾರರು ಸಿಗುತ್ತಿದ್ದರು. ಎಜ್ರ ಕೇಳಲಿಲ್ಲ, ನಾಚಿಕೆಪಟ್ಟ. ನಮ್ಮ ದೇವರ ಹಸ್ತ ಅವನನ್ನು ಹುಡುಕುವವರ ಮೇಲಿದೆ ಎಂದು ಅದೇ ಅರಸನಿಗೆ ಹೇಳಿಯಾಗಿತ್ತು. ಅಹವಾ ಹೊಳೆಯ ಬಳಿ ಉಪವಾಸವಿದ್ದು ಪ್ರಾರ್ಥಿಸಿದರು. ಸೈನ್ಯ ಬೇಡ, ದೇವರು ಸಾಕು. ಇಂಥ ಭರವಸೆಯ ಮನುಷ್ಯ ಮುಂದಿನ ವಚನದಲ್ಲಿ ಏನು ಮಾಡಿದ? ತಕ್ಕಡಿ ತರಿಸಿದ. ಯಾಜಕರಲ್ಲಿ ಹನ್ನೆರಡು ಪ್ರಮುಖರನ್ನು ಆರಿಸಿ, ದೇವಾಲಯಕ್ಕೆಂದು ಬಂದ 650 ತಲಾಂತು ಬೆಳ್ಳಿ, 100 ತಲಾಂತು ತೂಕದ ಬೆಳ್ಳಿ ಪಾತ್ರೆ, 100 ತಲಾಂತು ಬಂಗಾರ, 20 ಬಂಗಾರದ ಬಟ್ಟಲು, ಬಂಗಾರದಷ್ಟೇ ಬೆಲೆಬಾಳುವ 2 ತಾಮ್ರದ ಪಾತ್ರೆ, ಎಲ್ಲವನ್ನೂ ತೂಗಿ ಅವರ ಕೈಗೆ ಒಪ್ಪಿಸಿದ. ತಲಾಂತಿಗೆ 30 ಕಿಲೋ ಎಂದು ಹಿಡಿದರೂ ಬೆಳ್ಳಿಯೊಂದೇ 19 ಟನ್ ಮೀರುತ್ತದೆ. ಯೆರೂಸಲೇಮು ಮುಟ್ಟಿ ಮೂರು ದಿನ ಸುಧಾರಿಸಿಕೊಂಡು, ನಾಲ್ಕನೆಯ ದಿನ ದೇವಾಲಯದಲ್ಲಿ ನಾಲ್ವರು ಹೆಸರುಳ್ಳವರ ಮುಂದೆ ಮತ್ತೆ ತೂಗಿದರು. ಎಣಿಕೆಯೂ ತೂಕವೂ ಬರಹಕ್ಕಿಳಿಯಿತು. ನೀವು ಪರಿಶುದ್ಧರು, ಈ ಪಾತ್ರೆಗಳೂ ಪರಿಶುದ್ಧವಾದವು ಎಂದು ಆ ಹನ್ನೆರಡು ಜನಕ್ಕೆ ಹೇಳಿದವನೂ ಎಜ್ರನೇ. ಪರಿಶುದ್ಧರೆಂದು ಕರೆದು, ತೂಗಿ ಕೊಟ್ಟು, ತೂಗಿ ಪಡೆದ. ಅವರಲ್ಲಿ ಒಬ್ಬರೂ ಇದು ಅವಮಾನ ಎಂದುಕೊಂಡಂತೆ ಕಾಣುವುದಿಲ್ಲ.

ಪೌಲನೂ ಯೆರೂಸಲೇಮಿನ ಬಡವರಿಗೆಂದು ಕೂಡಿಸಿದ ಹಣವನ್ನು ಒಬ್ಬನ ಕೈಯಲ್ಲಿ ಕಳಿಸಲಿಲ್ಲ. ತೀತನ ಜೊತೆಗೆ ಇನ್ನಿಬ್ಬರು. ಅದರಲ್ಲಿ ಒಬ್ಬನನ್ನು ಸಭೆಗಳೇ ನೇಮಿಸಿದ್ದವು. ಕರ್ತನ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಎಂದು 2 ಕೊರಿಂಥ 8ರಲ್ಲಿ ಕಾರಣವನ್ನೂ ಕೊಟ್ಟ. ಹಣದ ಚೀಲ ಒಬ್ಬನೇ ಹೊತ್ತಿದ್ದ ಉದಾಹರಣೆಯೂ ಸುವಾರ್ತೆಯಲ್ಲಿದೆ, ಯೋಹಾನ 12ರಲ್ಲಿ. ಅವನ ಹೆಸರು ಯೂದ ಇಸ್ಕರಿಯೋತ, ಯೇಸುವನ್ನು ಹಿಡಿದುಕೊಟ್ಟವನು.

ಈಗ ನಮ್ಮ ವೆಸ್ಟ್ರಿಯ, ಅಂದರೆ ದೇವಾಲಯದ ಒಳಕೋಣೆಯ, ಮೇಜಿಗೆ ಬರೋಣ. ಆರಾಧನೆ ಮುಗಿದ ಮೇಲೆ ಕಾಣಿಕೆ ಚೀಲಗಳು ಒಳಗೆ ಬರುತ್ತವೆ. ಎಣಿಸಲು ಕನಿಷ್ಠ ಇಬ್ಬರು, ಸಾಧ್ಯವಾದರೆ ಮೂವರು ಬೇಕು. ಗಂಡ ಹೆಂಡತಿ, ಅಣ್ಣ ತಮ್ಮ, ಮಾವ ಅಳಿಯ ಒಟ್ಟಿಗೆ ಕೂರಬಾರದು. ಸಭಾಪಾಲಕರು ಎಣಿಕೆಗೆ ಕೂರದಿರುವುದೇ ಅವರಿಗೂ ಕ್ಷೇಮ. ಖಜಾಂಚಿ ಪುಸ್ತಕ ಬರೆಯುವವರಾದ್ದರಿಂದ ಅವರೂ ಎಣಿಸುವವರಲ್ಲಿ ಇರಬಾರದು, ಎಣಿಸಿ ಕೊಟ್ಟದ್ದನ್ನು ಪಡೆಯಬೇಕು. ಎಣಿಸುವವರು ತಿಂಗಳಿಗೊಮ್ಮೆ ಬದಲಾಗಲಿ. ಮೇಜಿನ ಮೇಲೆ ಬೇರೇನೂ ಇರದಂತೆ ನೋಡಿ, ಎಲ್ಲರೂ ಬಂದ ಮೇಲೆ ಚೀಲ ಬಿಚ್ಚಿ, ಖಾಲಿ ಚೀಲವನ್ನು ಒಳಮಗ್ಗುಲು ಹೊರಗೆ ಮಾಡಿ ತಿರುವಿ ನೋಡಿ. ಮಡಚಿ ಹಾಕಿದ ಹತ್ತರ ನೋಟು ಹೊಲಿಗೆಯ ಮೂಲೆಯಲ್ಲಿ ಕೂತಿರುತ್ತದೆ. ಕವರುಗಳನ್ನು ಮೊದಲು ಬೇರೆ ಮಾಡಿ. ಕವರಿನ ಮೇಲೆ 500 ಎಂದಿದ್ದು ಒಳಗೆ 200 ಇದ್ದರೆ 200 ಎಂದೇ ಬರೆದು, ಆ ಕವರನ್ನು ಎತ್ತಿಟ್ಟು, ಇಬ್ಬರೂ ಸಹಿ ಮಾಡಬೇಕು. ಯಾರೋ ಪಾಪ ಅವಸರದಲ್ಲಿ ಬೇರೆ ನೋಟು ಹಾಕಿರಬಹುದು, ಅವರನ್ನು ಏಕಾಂತದಲ್ಲಿ ಕೇಳಿದರೆ ಸಾಕು. ಖಾಲಿ ಕವರನ್ನು ಕಸಕ್ಕೆ ಹಾಕಬೇಡಿ, ಆಡಿಟ್ ಮುಗಿಯುವವರೆಗೆ ದಾರ ಕಟ್ಟಿ ಇಡಿ.

ಆಮೇಲೆ ಚೀಟಿ. ಒಂದು ಭಾನುವಾರದ ಚೀಟಿ ಹೀಗಿರುತ್ತದೆ ಎಂದು ಇಟ್ಟುಕೊಳ್ಳಿ: 500ರ ನೋಟು 23, ಆಯಿತು 11,500, 200ರದು 14, 2,800, 100ರದು 61, 6,100, 50ರದು 48, 2,400, 20ರದು 35, 700, 10ರದು 112, 1,120, ಚಿಲ್ಲರೆ 386. ಒಟ್ಟು 25,006. ಪೆನ್ನಿನಲ್ಲಿ, ಎರಡು ಪ್ರತಿ, ಎಲ್ಲರ ಸಹಿ. ಒಂದು ಪ್ರತಿ ಖಜಾಂಚಿಗೆ, ಇನ್ನೊಂದು ಕಾರ್ಯದರ್ಶಿಗೆ. ತಪ್ಪು ಬರೆದರೆ ಅದರ ಮೇಲೇ ತಿದ್ದಬಾರದು, ಗೆರೆ ಎಳೆದು ಪಕ್ಕದಲ್ಲಿ ಬರೆದು ಸಹಿ ಹಾಕಬೇಕು. ಬ್ಯಾಂಕಿನ ಚಲನ್‌ನಲ್ಲೂ ನೋಟಿನ ಲೆಕ್ಕ ಬರೆಯುವ ಕಾಲಂ ಇರುವುದರಿಂದ ಸೋಮವಾರದ ಚಲನ್ ಮತ್ತು ಭಾನುವಾರದ ಚೀಟಿ ಸಾಲು ಸಾಲಿಗೂ ಒಂದಾಗಬೇಕು.

ಇಷ್ಟೆಲ್ಲ ಯಾಕೆಂದರೆ, ಕಳ್ಳತನಕ್ಕಿಂತ ಕೂಡಿಸುವ ತಪ್ಪು ಹೆಚ್ಚು. ಹೊಸ ನೋಟು ಎರಡು ಅಂಟಿಕೊಳ್ಳುತ್ತವೆ. ಹನ್ನೆರಡು ಮೂಲೆಯ 20 ರೂಪಾಯಿ ನಾಣ್ಯ 10ರ ರಾಶಿಗೆ ಸೇರಿಬಿಡುತ್ತದೆ. ಪುಸ್ತಕಕ್ಕೆ ಇಳಿಸುವಾಗ 6,100 ಹೋಗಿ 1,600 ಆಗುತ್ತದೆ. ಆಗ ವ್ಯತ್ಯಾಸ 4,500. ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿ ಅದಲುಬದಲಾಗಿದೆಯೇ ಎಂದು ಮೊದಲು ಹುಡುಕಬೇಕು ಎಂಬುದು ಲೆಕ್ಕ ಬರೆಯುವವರಿಗೆಲ್ಲ ಗೊತ್ತಿರುವ ಸೂತ್ರ. ಸಹಿಯಿರುವ ಚೀಟಿ ಇದ್ದರೆ ಇಂಥದ್ದು ಹತ್ತು ನಿಮಿಷದಲ್ಲಿ ಸಿಕ್ಕಿಬೀಳುತ್ತದೆ. ಚೀಟಿ ಇಲ್ಲದಿದ್ದರೆ ಅದೇ 4,500 ಒಬ್ಬ ಸತ್ಯವಂತ ಖಜಾಂಚಿಯ ಬೆನ್ನಿಗೆ ಗುಸುಗುಸು ಆಗಿ ಅಂಟಿಕೊಂಡು, ಅವರು ಸಭೆ ಬಿಟ್ಟು ಹೋಗುವ ತನಕ ಬಿಡುವುದಿಲ್ಲ. ಕಳ್ಳನನ್ನು ಹಿಡಿಯುವುದಕ್ಕಿಂತ ನಿರ್ದೋಷಿಯನ್ನು ಉಳಿಸುವುದು ಈ ಚೀಟಿಯ ದೊಡ್ಡ ಉಪಕಾರ ಎಂದು ನಮಗೆ ಅನಿಸುತ್ತದೆ.

ಕಾಣಿಕೆಯ ಹಣದಿಂದ ನೇರವಾಗಿ ಖರ್ಚು ಮಾಡುವುದು ಬಹಳ ಸಭೆಗಳ ಹಳೆಯ ರೋಗ. ಎಣಿಸುವ ಮೇಜಿನಿಂದಲೇ ಹೂವಿನವರಿಗೆ 400, ಕೀಬೋರ್ಡ್ ನುಡಿಸುವ ಹುಡುಗನಿಗೆ 500, ಟೀಗೆ 250 ಎತ್ತಿ ಕೊಟ್ಟು, ಉಳಿದದ್ದನ್ನು ಬರೆಯುತ್ತಾರೆ. ಯಾರೂ ಕದ್ದಿಲ್ಲ, ಆದರೆ 1,150 ರೂಪಾಯಿ ಆದಾಯದಲ್ಲೂ ಇಲ್ಲ, ವೆಚ್ಚದಲ್ಲೂ ಇಲ್ಲ. ಬಂದದ್ದು ಬಂದ ಹಾಗೇ ಬ್ಯಾಂಕಿಗೆ ಹೋಗಬೇಕು. ಸಣ್ಣ ಖರ್ಚಿಗೆ 5,000 ರೂಪಾಯಿಯ ಒಂದು ಕೈಪೆಟ್ಟಿಗೆ ಇಡಿ. ಯಾವಾಗ ತೆಗೆದು ನೋಡಿದರೂ ಅದರೊಳಗಿನ ನಗದು ಮತ್ತು ವೋಚರ್ ಕೂಡಿದರೆ 5,000 ಆಗಬೇಕು. ವೋಚರ್ 3,800ಕ್ಕೆ ಮುಟ್ಟಿದಾಗ ಅಷ್ಟಕ್ಕೇ ಚೆಕ್ ಬರೆದು ತುಂಬಿಸಿ. ಚೆಕ್ಕಿಗೆ ಇಬ್ಬರ ಸಹಿ ಬೇಕೆಂದು ನಿಯಮ ಮಾಡಿ, ಆಮೇಲೆ ಊರಿಗೆ ಹೋಗುವ ಮುಂಚೆ ಒಬ್ಬರು ಇಡೀ ಚೆಕ್‌ಬುಕ್ಕಿಗೆ ಸಹಿ ಮಾಡಿಟ್ಟು ಹೋಗುವುದುಂಟು. ಅಲ್ಲಿಗೆ ನಿಯಮ ಸತ್ತ ಹಾಗೆಯೇ.

ಫೋನಿನಲ್ಲಿ ಕಳಿಸುವ ಕಾಣಿಕೆಗೆ ಎಣಿಸುವ ಮೇಜೇ ಇಲ್ಲ, ಆದ್ದರಿಂದ ಅಲ್ಲಿ ಇನ್ನೂ ಎಚ್ಚರ ಬೇಕು. ಗೋಡೆಯ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಸಭೆಯ ಹೆಸರು ಬರಬೇಕು. ವ್ಯಕ್ತಿಯ ಹೆಸರು ಬಂದರೆ ಆ ಖಾತೆ ಸಭೆಯದಲ್ಲ. ಸಭಾಪಾಲಕರು ಎಷ್ಟೇ ನಂಬಿಗಸ್ತರಾಗಿರಲಿ, ಅವರ ಸ್ವಂತ ಖಾತೆಗೆ ಬಿದ್ದ ಹಣ ಆದಾಯ ತೆರಿಗೆಯವರ ಕಣ್ಣಿಗೆ ಅವರ ಆದಾಯವಾಗಿ ಕಾಣುತ್ತದೆ. ಅವರ ಬೈಕಿನ ಇಎಂಐ ಅದರಿಂದಲೇ ತಾನಾಗಿ ಕಡಿತವಾಗುತ್ತದೆ. ಅಕಸ್ಮಾತ್ ಅವರು ತೀರಿಕೊಂಡರೆ ದೇವಾಲಯದ ಹಣ ಹಿಂಪಡೆಯಲು ಅವರ ದುಃಖತಪ್ತ ಹೆಂಡತಿ ಮಕ್ಕಳ ಮುಂದೆ ಹೋಗಿ ನಿಲ್ಲಬೇಕು. ಸಭೆಯ ಖಾತೆಯಾದರೆ ಜಮೆಯ ಸಂದೇಶ ಬ್ಯಾಂಕಿನಿಂದ ಖಜಾಂಚಿ, ಕಾರ್ಯದರ್ಶಿ ಇಬ್ಬರ ಫೋನಿಗೂ ಬರುವಂತೆ ಮಾಡಿಸಿಕೊಳ್ಳಿ. ತಿಂಗಳ ಕೊನೆಗೆ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಪುಸ್ತಕವನ್ನೂ ಮೂರನೆಯವರೊಬ್ಬರು ತಾಳೆ ನೋಡಲಿ.

ಬೆಂಗಳೂರಿನವರಿಗೆ ಇನ್ನೊಂದು ಮಾತು ವಿಶೇಷವಾಗಿ ಹೇಳಬೇಕು. ಮಕ್ಕಳು ಅಮೆರಿಕದಲ್ಲೋ ಆಸ್ಟ್ರೇಲಿಯದಲ್ಲೋ ಇರುವ ಮನೆ ಯಾವ ಸಭೆಯಲ್ಲಿಲ್ಲ? ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ಮಗ ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ಕಾಣಿಕೆ ವಿದೇಶಿ ದೇಣಿಗೆಯಲ್ಲ. ಅದೇ ಮಗ ಅಲ್ಲಿನ ಪೌರತ್ವ ಪಡೆದ ಮರುದಿನದಿಂದ ಅವನು ಕಳಿಸುವುದು ವಿದೇಶಿ ದೇಣಿಗೆ. ಅದಕ್ಕೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿಯೋ ಪೂರ್ವಾನುಮತಿಯೋ ಇರಬೇಕು, ಹಣ ಮೊದಲು ಬಂದು ಬೀಳಬೇಕಾದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ. ಹುಟ್ಟಿ ಬೆಳೆದ ಸಭೆಗೆ ಪ್ರೀತಿಯಿಂದ ಕಳಿಸಿದ್ದು ಎಂಬುದು ನಿಜವೇ ಇರಬಹುದು, ಕಾನೂನಿನ ಮುಂದೆ ಅದು ನಿಲ್ಲುವುದಿಲ್ಲ. ಕಣ್ಣು ಮುಚ್ಚಿ ಪಡೆದುಕೊಂಡು "ದೇವರು ನೋಡಿಕೊಳ್ಳುತ್ತಾನೆ" ಎನ್ನುವುದು ಭರವಸೆಯಲ್ಲ, ದೇವರನ್ನು ಪರೀಕ್ಷಿಸುವುದು.

ಇಷ್ಟು ಮಾಡಿದರೂ ಚೀಟಿಗೆ ಸಿಗದ ಒಂದು ಜಾಗ ಉಳಿಯುತ್ತದೆ, ಅದು ಹೃದಯ. ಅಪೊಸ್ತಲರ ಕೃತ್ಯಗಳು 5ರಲ್ಲಿ ಬರುವ ಅನನೀಯ, ಸಪ್ಫೈರ ದಂಪತಿಯ ಸಂಗತಿಯನ್ನು ಜನ ತಪ್ಪಾಗಿ ನೆನಪಿಟ್ಟುಕೊಂಡಿದ್ದಾರೆ. ಹೊಲ ಮಾರಿದ ಹಣದಲ್ಲಿ ಒಂದು ಪಾಲು ಇಟ್ಟುಕೊಂಡದ್ದು ಅವರ ತಪ್ಪಾಗಿರಲಿಲ್ಲ. ಮಾರುವ ಮುಂಚೆ ಅದು ನಿನ್ನದೇ, ಮಾರಿದ ಮೇಲೂ ನಿನ್ನ ವಶದಲ್ಲೇ ಇತ್ತಲ್ಲ ಎಂದು ಪೇತ್ರನೇ ಹೇಳುತ್ತಾನೆ. ಒಂದು ಪಾಲು ತಂದು ಪೂರ್ತಿ ಎಂದು ತೋರಿಸಿದ್ದು ತಪ್ಪು. ಅದಕ್ಕೆ ಮುಂಚೆ ಬಾರ್ನಬನು ಹೊಲ ಮಾರಿ ಪೂರ್ತಿ ಕೊಟ್ಟು ಪಡೆದ ಒಳ್ಳೆಯ ಹೆಸರು ಇವರಿಗೂ ಬೇಕಿತ್ತು. ನಮ್ಮ ಸುಗ್ಗಿ ಹಬ್ಬದ ಹರಾಜನ್ನು ನೆನೆಸಿಕೊಳ್ಳಿ. ಮೈಕಿನ ಮುಂದೆ ಒಂದು ಕುಂಬಳಕಾಯಿಗೆ, ಒಂದು ಹುಂಜಕ್ಕೆ ಮೇಲಿಂದ ಮೇಲೆ ಕೂಗುತ್ತಾರೆ, ಚಪ್ಪಾಳೆ ಬೀಳುತ್ತದೆ. ಕೂಗಿದ ದುಡ್ಡು ಕ್ರಿಸ್‌ಮಸ್ ಕಳೆದರೂ ಬರುವುದಿಲ್ಲ. ಪುಸ್ತಕದಲ್ಲಿ 'ಬರಬೇಕಾದದ್ದು' ಎಂಬ ಸಾಲು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತದೆ, ಕೇಳಲು ಖಜಾಂಚಿಗೆ ಮುಜುಗರ. ಹರಕೆ ಹೊತ್ತು ತೀರಿಸದೆ ಇರುವುದಕ್ಕಿಂತ ಹೊರದಿರುವುದೇ ಮೇಲು ಎಂದು ಪ್ರಸಂಗಿ 5 ಹೇಳುತ್ತದೆ. ಕೂಗಿದವರು ಆ ದಿನವೇ ಕೊಡಬೇಕು, ಇಲ್ಲವೇ ದಿನಾಂಕ ಬರೆದು ಸಹಿ ಹಾಕಬೇಕು ಎಂದು ಹರಾಜಿಗೆ ಮುಂಚೆಯೇ ಸಾರಿದರೆ ಕೂಗು ಸ್ವಲ್ಪ ಇಳಿಯುತ್ತದೆ, ಹಣ ಏರುತ್ತದೆ.

15ನೆಯ ಕೀರ್ತನೆಯಲ್ಲಿ ಇರುವುದು ಐದೇ ವಚನ. ಕರ್ತನ ಗುಡಾರದಲ್ಲಿ ಇಳಿದುಕೊಳ್ಳತಕ್ಕವನು ಯಾರು ಎಂಬ ಪ್ರಶ್ನೆಗೆ ಅಲ್ಲಿ ಬರುವ ಉತ್ತರದಲ್ಲಿ ಉಪವಾಸ, ಜಾಗರಣೆಗಳ ಸುದ್ದಿ ಇಲ್ಲ. ಹೃದಯಪೂರ್ವಕವಾಗಿ ಸತ್ಯ ಆಡುವುದು, ನಷ್ಟವಾದರೂ ಕೊಟ್ಟ ಮಾತಿಗೆ ತಪ್ಪದಿರುವುದು, ಸಾಲಕ್ಕೆ ಬಡ್ಡಿ ಕೇಳದಿರುವುದು, ನಿರಪರಾಧಿಗೆ ವಿರೋಧವಾಗಿ ಲಂಚ ಮುಟ್ಟದಿರುವುದು. ಈ ಊರಿನಲ್ಲಿ ಅದರ ಅರ್ಥ ಏನೆಂದು ಕೇಳಿಕೊಳ್ಳಬೇಕಾದವರು ನಾವು. ಬಾಡಿಗೆದಾರ ಮನೆ ಖಾಲಿ ಮಾಡುವಾಗ ಅಡ್ವಾನ್ಸಿನಲ್ಲಿ ಪೇಂಟಿಂಗ್ ಹೆಸರಿನಲ್ಲಿ ಒಂದು ತಿಂಗಳದ್ದು ಹಿಡಿದು, ಪೇಂಟ್ ಮಾಡಿಸದೆ ಮುಂದಿನವರಿಗೆ ಕೊಡುವ ಮಾಲೀಕರು ನಮ್ಮ ಸಾಲಿನಲ್ಲೇ ಕೂತು ಹಾಡುತ್ತಾರೆ. ಸೈಟು ಮಾರುವಾಗ ಕಾಗದದಲ್ಲಿ ಒಂದು ಬೆಲೆ, ಕೈಗೆ ಇನ್ನೊಂದು. ಆಫೀಸಿಗೆ ಕೊಡಲು ಅಪ್ಪನ ಹೆಸರಿನಲ್ಲಿ ಬಾಡಿಗೆ ರಸೀದಿ, ಅಪ್ಪನಿಗೆ ಒಂದು ರೂಪಾಯಿಯೂ ಇಲ್ಲ. ಧರ್ಮೋಪದೇಶಕಾಂಡ 25 ನಿಷೇಧಿಸುವ ಎರಡು ತೂಕದ ಕಲ್ಲು ಇವೇ: ಕೊಳ್ಳಲು ಒಂದು, ಮಾರಲು ಒಂದು, ಎರಡೂ ಒಂದೇ ಚೀಲದಲ್ಲಿ. ದೇವಾಲಯ ಗುಡಿಸುವ ಹೆಂಗಸಿನ ಸಂಬಳ ಹತ್ತನೆಯ ತಾರೀಕು ದಾಟಿದರೆ, ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡ ಎಂಬ ಯಾಜಕಕಾಂಡ 19ರ ಮಾತು ನಮ್ಮ ಸಮಿತಿಗೇ ಹೇಳಿದ್ದು.

ಹೃದಯದ ಯಥಾರ್ಥತೆ ಎಂಬ ಮಾತನ್ನು ಸತ್ಯವೇದದಲ್ಲಿ ಮೊದಲು ಆಡುವವನು ಅಬ್ರಹಾಮನಲ್ಲ, ಗೆರಾರಿನ ಅರಸ ಅಬೀಮೆಲೆಕ. ಆದಿಕಾಂಡ 15ರಲ್ಲಿ ಅಬ್ರಹಾಮನ ನಂಬಿಕೆ ನೀತಿಯೆಂದು ಎಣಿಕೆಯಾಗಿತ್ತು. 20ರಲ್ಲಿ ಅದೇ ಅಬ್ರಹಾಮ ಹೆಂಡತಿಯನ್ನು ತಂಗಿ ಎಂದ. ಅದು ಅರ್ಧ ನಿಜ, ಸಾರಳು ಅವನ ತಂದೆಯ ಮಗಳೇ ಹೌದು, ತಾಯಿ ಬೇರೆ. ಯಾಕೆ ಹೀಗೆ ಹೇಳಿದೆ ಎಂದರೆ, ಈ ಊರಿನಲ್ಲಿ ದೇವರ ಭಯ ಇಲ್ಲವೆಂದುಕೊಂಡೆ ಎಂದು ಉತ್ತರ ಕೊಟ್ಟ. ದೇವರ ಭಯವಿದ್ದದ್ದು ಆ ಊರಿನವರಿಗೆ. ನಾನು ಯಥಾರ್ಥ ಮನಸ್ಸಿನಿಂದ, ಶುದ್ಧವಾದ ಕೈಯಿಂದ ಮಾಡಿದೆ ಎಂದು ಅಬೀಮೆಲೆಕ ಹೇಳಿದಾಗ ದೇವರೇ ಹೌದೆಂದನು. ಅಬ್ರಹಾಮನ ನೀತಿ ಅದರಿಂದ ಕಳೆದುಹೋಗಲಿಲ್ಲ, ಅದು ದೇವರ ಕೃಪೆ. ಆದರೆ ಆ ಅರ್ಧ ಸತ್ಯ ಮನೆಯಲ್ಲಿ ಉಳಿಯಿತು: 26ನೆಯ ಅಧ್ಯಾಯದಲ್ಲಿ ಮಗ ಇಸಾಕನು ಅದೇ ಗೆರಾರಿನಲ್ಲಿ ಅದೇ ಸುಳ್ಳು ಹೇಳುತ್ತಾನೆ. ಮಲೆ ಮಹದೇಶ್ವರ ಬೆಟ್ಟದ, ನಂಜನಗೂಡಿನ ಹುಂಡಿ ಎಣಿಕೆಯ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅಧಿಕಾರಿಗಳು, ಬ್ಯಾಂಕಿನವರು, ಎಣಿಸುವವರ ಸಾಲು, ಕೊನೆಗೆ ರೂಪಾಯಿವರೆಗಿನ ಮೊತ್ತ ಊರಿಗೆಲ್ಲ ಗೊತ್ತು. ಅದನ್ನು ಓದುವಾಗ ಗೆರಾರಿನ ಅರಸನನ್ನು ನೆನೆದು, ಹೊರಗಿನವರಲ್ಲಿ ದೇವರ ಭಯವಿಲ್ಲ ಎಂಬ ಅಬ್ರಹಾಮನ ಎಣಿಕೆಯನ್ನು ನಾವೂ ಬಿಡಬೇಕು. ಒಳ್ಳೆಯ ಪದ್ಧತಿ ಎಲ್ಲಿದ್ದರೂ ಕಲಿಯಬೇಕು.

ತಪ್ಪು ನಡೆದೇಹೋದಾಗ ಏನು ಮಾಡಬೇಕು ಎಂಬುದರಲ್ಲಿ ಸಭೆಗಳು ಹೆಚ್ಚಾಗಿ ಎಡವುತ್ತವೆ. ಯಾರೋ ಹಣ ಬಳಸಿಕೊಂಡಿದ್ದಾರೆ ಎಂದು ಗೊತ್ತಾಗುತ್ತದೆ. ಅವರು ಸಮಿತಿಯ ಮುಂದೆ ಅಳುತ್ತಾರೆ, ಎಲ್ಲರೂ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ, ವಿಷಯ ಮುಚ್ಚುತ್ತಾರೆ, ಮುಂದಿನ ವರ್ಷ ಚೀಲ ಅದೇ ಕೈಯಲ್ಲಿರುತ್ತದೆ. ಇದನ್ನು ಕ್ಷಮೆ ಎಂದು ಕರೆಯುವುದು ಸರಿಯಲ್ಲ. ಯಾಜಕಕಾಂಡ 6ರ ಕ್ರಮ ಬೇರೆ: ಅಸಲು ಪೂರ್ತಿ, ಅದರ ಮೇಲೆ ಐದರಲ್ಲೊಂದು ಪಾಲು, ಯಾರದೋ ಅವರಿಗೇ, ಪ್ರಾಯಶ್ಚಿತ್ತದ ಯಜ್ಞ ಅರ್ಪಿಸುವ ದಿನವೇ. ಹತ್ತು ಸಾವಿರಕ್ಕೆ ಹನ್ನೆರಡು ಸಾವಿರ. ಲೂಕ 19ರ ಸುಂಕದವನು ಜಕ್ಕಾಯನು ಇದನ್ನೂ ಮೀರಿ ನಾಲ್ಕರಷ್ಟು ಕೊಡುತ್ತೇನೆಂದ. ಯಾರೂ ಅವನನ್ನು ಒತ್ತಾಯಿಸಿರಲಿಲ್ಲ. ಮನಸ್ಸಿನ ನೋವನ್ನು ಸಮಿತಿ ಕ್ಷಮಿಸಬಹುದು, ಕೊಟ್ಟವರ ಹಣವನ್ನು ಮನ್ನಾ ಮಾಡಲು ಸಮಿತಿಗೆ ಹಕ್ಕಿಲ್ಲ, ಅದು ಅವರ ಸ್ವಂತದ್ದಲ್ಲ. ಎಷ್ಟು, ಯಾವಾಗಿನಿಂದ, ಯಾವ ತಿಂಗಳು ಎಷ್ಟು ಹಿಂದಿರುಗಬೇಕು ಎಂಬುದು ಬರಹದಲ್ಲಿರಬೇಕು, ಮಹಾಸಭೆಗೆ ಗೊತ್ತಿರಬೇಕು. ಕೆಲವು ಕಡೆ ಇದಕ್ಕೆ ಉಲ್ಟಾ ನಡೆಯುತ್ತದೆ. ಆ ವ್ಯಕ್ತಿಯನ್ನು ಒಂದು ಮಾತೂ ಕೇಳದೆ ವಾಟ್ಸ್‌ಆಪ್ ಗುಂಪಿನಲ್ಲಿ ಹೆಸರು ಹಾಕಿಬಿಡುತ್ತಾರೆ. ಮೊದಲು ಏಕಾಂತದಲ್ಲಿ, ಆಮೇಲೆ ಇಬ್ಬರು ಮೂವರ ಮುಂದೆ, ಆಮೇಲೆ ಸಭೆಗೆ ಎಂಬ ಮತ್ತಾಯ 18ರ ಕ್ರಮ ಕಳ್ಳನ ಮಾನ ಕಾಯಲು ಮಾತ್ರ ಇರುವುದಲ್ಲ. ಅಂಕಿ ಅದಲುಬದಲಾಗಿ ಸಿಕ್ಕಿಬಿದ್ದ ಖಜಾಂಚಿ ಉಳಿಯುವುದೂ ಅದರಿಂದಲೇ. ತಪ್ಪು ಒಪ್ಪಿ ತೀರಿಸಿದವರನ್ನು ಕರ್ತನ ಭೋಜನಕ್ಕೆ ಮನಸಾರೆ ಸೇರಿಸಿಕೊಳ್ಳಿ. ಖಜಾನೆಯ ಬೀಗದಕೈ ಬೇರೆಯವರ ಹತ್ತಿರವಿರಲಿ. ಅವರನ್ನು ಮತ್ತೆ ಶೋಧನೆಗೆ ನೂಕದಿರುವುದೂ ಪ್ರೀತಿಯೇ.

ಈ ವರ್ಷದ ಮಹಾಸಭೆ ನಡೆಸುವ ಸಭಾಪಾಲಕರಲ್ಲಿ, ಸಮಿತಿಯವರಲ್ಲಿ ನಮ್ಮ ಬಿನ್ನಹ ಇಷ್ಟೇ. ಪ್ರತಿ ವಾರದ ಎಣಿಕೆಯ ಮೊತ್ತವನ್ನು ಮುಂದಿನ ಭಾನುವಾರ ನೋಟಿಸ್ ಬೋರ್ಡಿಗೆ ಹಾಕಿ. ಯಾರು ಎಷ್ಟು ಕೊಟ್ಟರು ಎಂಬುದು ಬೇಡ, ಒಟ್ಟು ಸಾಕು. ಕಟ್ಟಡ, ಬಡವರ ಸಹಾಯ, ಸಂಬಳ ಇವುಗಳ ನಿಧಿ ಬೇರೆ ಬೇರೆ ಸಾಲಿನಲ್ಲಿರಲಿ. ಒಂದರಿಂದ ಇನ್ನೊಂದಕ್ಕೆ ಸಾಲ ತೆಗೆದಿದ್ದರೆ ಅದನ್ನು ಸಾಲ ಎಂದೇ ಬರೆಯಿರಿ. ಲೆಕ್ಕದ ಪ್ರತಿಯನ್ನು ಮಹಾಸಭೆಗೆ ಒಂದು ವಾರ ಮುಂಚೆ ಕನ್ನಡದಲ್ಲಿ ಮನೆ ಮನೆಗೆ ಕೊಡಿ, ಓದಿಕೊಂಡು ಬರಲಿ. ಮಹಾಸಭೆಯನ್ನು 1 ಸಮುವೇಲ 12ರಿಂದ ಆರಂಭಿಸಿ. ತಲೆ ನರೆತ ಸಮುವೇಲ ಇಸ್ರಾಯೇಲರ ಮುಂದೆ ನಿಂತು, ಯಾರ ಎತ್ತನ್ನು ತೆಗೆದುಕೊಂಡೆ, ಯಾರ ಕತ್ತೆಯನ್ನು ತೆಗೆದುಕೊಂಡೆ, ಯಾರನ್ನು ವಂಚಿಸಿದೆ, ಯಾರ ಕೈಯಿಂದ ಲಂಚ ಪಡೆದೆ, ಹೇಳಿ, ಹಿಂದಿರುಗಿಸುತ್ತೇನೆ ಎಂದು ತಾನೇ ಕೇಳಿದ. ಜನ ಕೇಳುವವರೆಗೆ ಕಾಯಲಿಲ್ಲ. ಅದನ್ನು ಓದಿ ಮುಗಿಸಿದ ಮೇಲೆ ಮೈಕನ್ನು ಹಿಂದಿನ ಸಾಲಿಗೆ ಕೊಡಿ.

ಇಂತಿ,
ಸಭಾ ಲೆಕ್ಕಪತ್ರ ನೋಡುವ ಕೆಲವು ಓದುಗರು,
ಬೆಂಗಳೂರು